ಎಡಗಡೆ ಸೀಟಿನಿಂದ ಶುರು ಮಾಡಿ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಎದುರು ಟೀ ಕುಡಿಯುತ್ತಿದ್ದೆ. ಪರಿಚಯದವರ ಮಗನೊಬ್ಬ ಬೈಕು ತಂದು ನಿಲ್ಲಿಸಿದ. ಸೈಲೆನ್ಸರ್ ಬದಲಾಯಿಸಿದ್ದನಾದ್ದರಿಂದ ಅವನು ಬರುವುದು ಎರಡು ಬೀದಿ ಆಚೆಯಿಂದಲೇ ಗೊತ್ತಾಗಿತ್ತು. "ಅಣ್ಣ, ರೇಸಿಗೆ ಇಳಿಯಬೇಕು, ಎಲ್ಲಿಂದ ಶುರು ಮಾಡಲಿ?" ಎಂದ. "ಮೊದಲು ಆ ಸೈಲೆನ್ಸರ್ ಬಿಚ್ಚಿ ಕಂಪನಿಯದ್ದನ್ನೇ ಹಾಕು" ಎಂದೆ. ಮುಖ ಸಣ್ಣದು ಮಾಡಿಕೊಂಡ. ನಾನು ತಮಾಷೆಗೆ ಹೇಳಿದ್ದಲ್ಲ. ಹೊಸಬರು ಇಳಿಯುವ ಬಹುಪಾಲು ಸ್ಪರ್ಧೆಗಳಲ್ಲಿ ಒಂದು 'ಸ್ಟಾಕ್' ವಿಭಾಗ ಇರುತ್ತದೆ. ಷೋರೂಮಿನಿಂದ ಬಂದ ಗಾಡಿ ಹೇಗಿತ್ತೋ ಹಾಗೆಯೇ ಇರಬೇಕು. ಮೂರು ಸಾವಿರ ಕೊಟ್ಟು ಹಾಕಿಸಿದ ಸದ್ದು ಅಲ್ಲಿ ನಿಮ್ಮನ್ನು ಪಳಗಿದವರ ವಿಭಾಗಕ್ಕೆ ತಳ್ಳುತ್ತದೆ, ಇಲ್ಲವೇ ಗೇಟಿನಿಂದಲೇ ವಾಪಸ್ ಕಳಿಸುತ್ತದೆ.

ಅವನಿಗೆ ಅಂದು ಅರ್ಧ ಗಂಟೆಯಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ನಾಲ್ಕೂ 69ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಒಂದೇ ದಾರಕ್ಕೆ ಪೋಣಿಸಿದ ಹಾಗಿವೆ. ಈ ದಾರದ ಉದ್ದಕ್ಕೂ ಗಾಡಿಯ ಹುಚ್ಚಿಗೆ ಬರವಿಲ್ಲ. ಪಕ್ಕಾ ರೇಸ್ ಟ್ರ್ಯಾಕ್ ಮಾತ್ರ ಒಂದೂ ಇಲ್ಲ. ಆ ಹುಚ್ಚೆಲ್ಲ ಭಾನುವಾರ ಬೆಳಗಿನ ಜಾವ ನಂದಿ ಬೆಟ್ಟದ ತಿರುವುಗಳಲ್ಲೂ ದೇವನಹಳ್ಳಿ ಕಡೆಯ ಹೆದ್ದಾರಿಯಲ್ಲೂ ಹೊರಬರುವುದು ಅದಕ್ಕೇ.

ಆ ಹೆದ್ದಾರಿಯ ಲೆಕ್ಕವನ್ನು ಮೊದಲು ಮುಗಿಸಿಬಿಡೋಣ. ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಂತೆ, ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ರೇಸ್ ಮಾಡಿದರೆ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು, 10,000ದವರೆಗೆ ದಂಡ. ಹದಿನೆಂಟು ತುಂಬದ ಮಗನ ಕೈಗೆ ಕೀಲಿ ಕೊಡುವ ಅಪ್ಪಂದಿರು 199ಎ ಕಲಮನ್ನು ತಿಳಿದಿರಬೇಕು. ಹುಡುಗ ತಪ್ಪು ಮಾಡಿದರೆ ಮೂರು ವರ್ಷದವರೆಗಿನ ಜೈಲು, 25,000 ದಂಡ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಬರುತ್ತದೆ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಇಲ್ಲ. ಲೈಸೆನ್ಸ್ ಇಲ್ಲದವನಿಗೆ ರ‍್ಯಾಲಿಯೂ ಇಲ್ಲ. ಹೆದ್ದಾರಿಯಲ್ಲಿ ವ್ಹೀಲಿಂಗ್ ಮಾಡಿ ರೇಸರ್ ಆಗುತ್ತೇನೆ ಎನ್ನುವವನು ತನ್ನ ಬಾಗಿಲಿಗೆ ತಾನೇ ಬೀಗ ಜಡಿದುಕೊಳ್ಳುತ್ತಾನೆ.

ಇನ್ನು ಒಳಗೆ ಹೋಗುವ ಬಾಗಿಲುಗಳ ಮಾತು.

ಸೆಕೆಂಡು ಎಣಿಸುವ ಆಟ

ನನ್ನನ್ನು ಕೇಳಿದರೆ ಹೊಸಬರು ಮೊದಲು ಕೂರಬೇಕಾದ್ದು ಎಡಗಡೆ ಸೀಟಿನಲ್ಲಿ. ಅದು ನ್ಯಾವಿಗೇಟರ್ ಕೂರುವ ಜಾಗ. ಆಟದ ಹೆಸರು ಟಿಎಸ್‌ಡಿ ರ‍್ಯಾಲಿ, ಅಂದರೆ ಟೈಮ್, ಸ್ಪೀಡ್, ಡಿಸ್ಟೆನ್ಸ್. ಇದರಲ್ಲಿ ಮೊದಲು ತಲುಪಿದವನು ಗೆಲ್ಲುವುದಿಲ್ಲ. ಹೇಳಿದ ಹೊತ್ತಿಗೆ ಸರಿಯಾಗಿ ತಲುಪಿದವನು ಗೆಲ್ಲುತ್ತಾನೆ. ಸರಾಸರಿ ವೇಗವನ್ನು ಆಯೋಜಕರು ಕಾನೂನಿನ ಮಿತಿಯೊಳಗೇ ಇಡುತ್ತಾರೆ. ಹಾಗಾಗಿ ಇದು ಎಲ್ಲರೂ ಓಡಾಡುವ ತೆರೆದ ರಸ್ತೆಯಲ್ಲೇ ಅನುಮತಿ ಪಡೆದು ನಡೆಯುತ್ತದೆ. ಮನೆಯ ಕಾರು, ಅದೇ ಟೈರು, ಅದೇ ಸೀಟ್ ಬೆಲ್ಟ್ ಸಾಕು. ಕಿಸೆಗೆ ಹಗುರವಾಗಿ ಒಳಹೋಗುವ ದಾರಿಗಳಲ್ಲಿ ಇದೊಂದು.

ಹೊರಡುವ ಮುನ್ನ ಕೈಗೆ ಒಂದು ರೋಡ್‌ಬುಕ್ ಬರುತ್ತದೆ. ಪ್ರತಿ ಸಾಲಿನಲ್ಲೂ ಶುರುವಿನಿಂದ ಆದ ದೂರ, ಹಿಂದಿನ ಗುರುತಿನಿಂದ ಆದ ದೂರ, ಒಂದು ಪುಟ್ಟ ಚಿತ್ರ, ಪಕ್ಕದಲ್ಲಿ ಟಿಪ್ಪಣಿ. ಚಿತ್ರಕ್ಕೆ ಟ್ಯೂಲಿಪ್ ಎನ್ನುತ್ತಾರೆ. ಕೆಳಗಿನ ಚುಕ್ಕಿ ನೀವು ಬರುತ್ತಿರುವ ಕಡೆ, ಬಾಣ ನೀವು ಹೋಗಬೇಕಾದ ಕಡೆ. ಇಷ್ಟೇ ವ್ಯಾಕರಣ. ಊರಿನ ಹೆಸರು ಇರುವುದೇ ಅಪರೂಪ. ಎಷ್ಟೋ ತಲೆಮಾರಿನಿಂದ "ಅರಳಿಕಟ್ಟೆ ಹತ್ತಿರ ಬಲಕ್ಕೆ ತಿರುಗಿ, ಡೈರಿ ಪಕ್ಕ" ಎಂದು ದಾರಿ ಹೇಳಿಕೊಂಡು ಬಂದ ನಮಗೆ ಇದು ಮೊದಲ ದಿನ ಗೊಂದಲ, ಎರಡನೇ ದಿನ ರುಚಿ.

ಲೆಕ್ಕ ಏಳನೇ ತರಗತಿಯದ್ದು. 3,600ನ್ನು ವೇಗದಿಂದ ಭಾಗಿಸಿದರೆ ಒಂದು ಕಿಲೋಮೀಟರಿಗೆ ಎಷ್ಟು ಸೆಕೆಂಡು ಎಂದು ಬರುತ್ತದೆ. ಗಂಟೆಗೆ 30 ಕಿ.ಮೀ. ಆದರೆ 120 ಸೆಕೆಂಡು, 40 ಆದರೆ 90, 45 ಆದರೆ 80. ಎಲ್ಲಕ್ಕಿಂತ ಸಲೀಸು 36. ಕಿಲೋಮೀಟರಿಗೆ ಸರಿಯಾಗಿ ನೂರು ಸೆಕೆಂಡು, ಅಂದರೆ ಸೆಕೆಂಡಿಗೆ ಹತ್ತು ಮೀಟರ್. ಒಂಬತ್ತು ಗಂಟೆಗೆ ಹೊರಟರೆ 4.5 ಕಿ.ಮೀ. ಗುರುತಿನಲ್ಲಿ 9 ಗಂಟೆ 7 ನಿಮಿಷ 30 ಸೆಕೆಂಡಿಗೆ ಇರಬೇಕು. ಎದುರಿಗೆ ಕುರಿಮಂದೆ ಬಂದು ನಲವತ್ತು ಸೆಕೆಂಡು ತಿಂದಿತೋ, ಮುಂದಿನ ನಾಲ್ಕೈದು ಕಿಲೋಮೀಟರಿನಲ್ಲಿ ಅದನ್ನು ನಿಧಾನವಾಗಿ ಮರಳಿ ಗಳಿಸಬೇಕು. ಸಮಯ ಹಿಡಿಯುವ ಮಾರ್ಷಲ್ ಯಾವ ಹುಣಸೆ ಮರದ ಹಿಂದೆ ಕುಳಿತಿದ್ದಾನೋ ಗೊತ್ತಿರುವುದಿಲ್ಲ. ತಡವಾದರೆ ದಂಡದ ಅಂಕ, ಬೇಗ ಬಂದರೂ ದಂಡ. ಎಷ್ಟೋ ಕಡೆ ಬೇಗ ಬಂದವನಿಗೇ ಹೆಚ್ಚು ದಂಡ.

ಇನ್ನೊಂದು ಸೂಕ್ಷ್ಮವಿದೆ, ಹೊಸಬರು ಮುಗ್ಗರಿಸುವುದು ಅಲ್ಲೇ. ನಿಮ್ಮ ಕಾರಿನ ಓಡೋಮೀಟರು ಮತ್ತು ಆಯೋಜಕರು ಅಳೆದ ಓಡೋಮೀಟರು ಒಂದೇ ಮಾತು ಹೇಳುವುದಿಲ್ಲ. ಟೈರ್ ಸವೆದಿದ್ದರೆ, ಗಾಳಿ ಕಡಿಮೆ ಇದ್ದರೆ ಚಕ್ರದ ಸುತ್ತಳತೆ ಬದಲಾಗುತ್ತದೆ. ಅದಕ್ಕಾಗಿಯೇ ಶುರುವಿನಲ್ಲಿ ಒಂದು ಗೊತ್ತಾದ ದೂರ ಕೊಟ್ಟು ಹೊಂದಿಸಿಕೊಳ್ಳಿ ಎನ್ನುತ್ತಾರೆ. ಅವರ 10 ಕಿ.ಮೀ. ನಿಮ್ಮಲ್ಲಿ 10.2 ಎಂದು ತೋರಿಸಿದರೆ, ಅವರ 25ಕ್ಕೆ ನಿಮ್ಮದು 25.5 ತೋರಿಸಬೇಕು. ನನ್ನ ಮೊದಲ ರ‍್ಯಾಲಿಯಲ್ಲಿ ಗೆಳೆಯ ಓಡಿಸುತ್ತಿದ್ದ, ನಾನು ಲೆಕ್ಕದವನು. ಈ ಗುಣಾಕಾರವನ್ನು ಭಾಗಾಕಾರ ಮಾಡಿಬಿಟ್ಟೆ. ಮಧ್ಯಾಹ್ನದ ಊಟದ ಹೊತ್ತಿಗೆ ನಾವು ಕಾಗದದ ಮೇಲಿನ ಊರಿನಲ್ಲೂ ಇರಲಿಲ್ಲ, ನೆಲದ ಮೇಲಿನ ಊರಿನಲ್ಲೂ ಇರಲಿಲ್ಲ. ಗೆಳೆಯ ಮನೆಗೆ ಬರುವವರೆಗೆ ಮಾತಾಡಲಿಲ್ಲ.

ನಮ್ಮದು ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಜಿಲ್ಲೆ, ಸಮಯಪಾಲನೆಯ ಕಥೆಗಳನ್ನು ಕೇಳಿಕೊಂಡೇ ಬೆಳೆದಿದ್ದೇವೆ. ಆದರೂ ಮದುವೆ ಮನೆಗೆ ಒಂದು ಗಂಟೆ ತಡವಾಗಿ ಹೋಗುವವರೇ ನಾವು. ಆ ಅಭ್ಯಾಸ ಬಿಡಿಸಲು ಟಿಎಸ್‌ಡಿಗಿಂತ ಒಳ್ಳೆಯ ಮದ್ದು ನನಗೆ ಕಂಡಿಲ್ಲ.

ಎಡಗಡೆ ಸೀಟನ್ನು ಎರಡನೇ ದರ್ಜೆ ಎಂದು ತಿಳಿಯಬೇಡಿ. ಕಾಸರಗೋಡಿನ ಮೂಸಾ ಶರೀಫ್ ಹೆಸರು ಮಾಡಿದ್ದು ಸ್ಟೀರಿಂಗ್ ಹಿಡಿದಲ್ಲ. ದೇಶದ ದೊಡ್ಡ ರ‍್ಯಾಲಿ ಚಾಲಕರ ಪಕ್ಕದಲ್ಲಿ ಕುಳಿತು, ನೋಟ್ಸ್ ಓದಿ, ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದವರು ಅವರು. ವೇಗದ ರ‍್ಯಾಲಿಯಲ್ಲಿ ಚಾಲಕನಿಗೆ ಮುಂದಿನ ತಿರುವು ಕಾಣುವ ಮೊದಲೇ ಅದು ಎಷ್ಟು ಕಡಿದು, ಆಮೇಲೆ ಏಳುವ ಉಬ್ಬು ಎಷ್ಟು ದೂರ ಎಂದು ಕಿವಿಗೆ ಬೀಳಬೇಕು. ಆ ದನಿ ಒಂದು ಸಾಲು ತಪ್ಪಿದರೆ ಕಾರು ಕಾಫಿ ಗಿಡದೊಳಗೆ.

ಬಾವುಟ ಹಿಡಿಯುವವರು

ಗಾಡಿಯೇ ಇಲ್ಲದವರಿಗೂ ಒಂದು ಬಾಗಿಲಿದೆ: ಮಾರ್ಷಲ್ ಆಗುವುದು. ರ‍್ಯಾಲಿ, ಆಟೋಕ್ರಾಸ್, ಟ್ರ್ಯಾಕ್ ರೇಸ್ ಯಾವುದಾದರೂ ಸರಿ, ಸ್ವಯಂಸೇವಕರಿಲ್ಲದೆ ನಡೆಯುವುದಿಲ್ಲ. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ದಶಕಗಳಿಂದ ಕೆ-1000 ರ‍್ಯಾಲಿ ನಡೆಸಿಕೊಂಡು ಬಂದಿದೆ. ಚಿಕ್ಕಮಗಳೂರಿನಲ್ಲಿ ಕಾಫಿ ತೋಟದ ಮಣ್ಣುದಾರಿಗಳ ರ‍್ಯಾಲಿಗೆ ಅಲ್ಲಿಯದೇ ಕ್ಲಬ್ ಇದೆ. ಇಂಥ ಕ್ಲಬ್ಬುಗಳಿಗೆ ಮುಂಚೆಯೇ ಬರೆದು "ಕೆಲಸಕ್ಕೆ ಬರುತ್ತೇನೆ" ಎಂದರೆ ಸಾಮಾನ್ಯವಾಗಿ ಬೇಡ ಎನ್ನುವುದಿಲ್ಲ. ಊಟ, ಒಂದು ಜಾಕೆಟ್ಟು, ನಸುಕಿನಲ್ಲಿ ಏಳುವ ಶಿಕ್ಷೆ, ಸ್ಪರ್ಧೆಯ ಹಾದಿಗೆ ಅತಿ ಹತ್ತಿರದ ಜಾಗ ಇವಿಷ್ಟು ಸಂಬಳ.

ಅಲ್ಲಿ ಕಲಿಯುವುದೇನು? ಹಳದಿ ಬಾವುಟ ಎಂದರೆ ಮುಂದೆ ಅಪಾಯ, ಓವರ್‌ಟೇಕ್ ಇಲ್ಲ. ಕೆಂಪು ಎಂದರೆ ಆಟ ನಿಂತಿದೆ. ನೀಲಿ ಎಂದರೆ ಹಿಂದೆ ನಿನಗಿಂತ ಜೋರಿನವನು ಬರುತ್ತಿದ್ದಾನೆ. ಇದೆಲ್ಲ ಪುಸ್ತಕದಲ್ಲೂ ಸಿಗುತ್ತದೆ. ಪುಸ್ತಕದಲ್ಲಿ ಸಿಗದ್ದು ಬೇರೆ. ಒಂದೇ ತಿರುವಿನಲ್ಲಿ ಇಡೀ ದಿನ ನಿಂತವನಿಗೆ ಚೆನ್ನಾಗಿ ಓಡಿಸುವವರು ಎಲ್ಲಿ ಬ್ರೇಕ್ ಹಿಡಿಯುತ್ತಾರೆ, ಎಲ್ಲಿ ಬಿಡುತ್ತಾರೆ ಎಂಬುದು ಕಣ್ಣಿಗೆ ಕೂರುತ್ತದೆ. ಎಲ್ಲರಿಗಿಂತ ಹೆಚ್ಚು ಸದ್ದು, ಧೂಳು ಎಬ್ಬಿಸಿದವನು ಸಂಜೆಯ ಪಟ್ಟಿಯಲ್ಲಿ ಕೆಳಗಿರುವುದೂ ಕಾಣುತ್ತದೆ.

ಹಗ್ಗ ಕಟ್ಟಿ "ಈ ಕಡೆ ಬರಬೇಡಿ" ಎನ್ನುವ ಕೆಲಸ ಸಣ್ಣದಲ್ಲ. 2019ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದ ಬಾಡಮೇರ್ ಬಳಿ ರಾಷ್ಟ್ರೀಯ ರ‍್ಯಾಲಿ ನಡೆಯುತ್ತಿದ್ದಾಗ ಸ್ಪರ್ಧೆಯ ಹಾದಿಗೆ ಒಂದು ಬೈಕು ಬಂತು. ವೇಗದಲ್ಲಿದ್ದ ಕಾರು ಡಿಕ್ಕಿ ಹೊಡೆದು ಬೈಕಿನಲ್ಲಿದ್ದ ಒಂದೇ ಮನೆಯ ಮೂವರು ಸತ್ತರು. ನಮ್ಮ ಹಳ್ಳಿ ರಸ್ತೆಗಳಲ್ಲಿ ಎಮ್ಮೆ ಹೊಡೆದುಕೊಂಡು ಬರುವ ಅಜ್ಜಿಗೆ "ಇವತ್ತು ರಸ್ತೆ ಮುಚ್ಚಿದೆ" ಎಂದು ಒಪ್ಪಿಸುವುದು ಎಷ್ಟು ಕಷ್ಟವೆಂದು ನಿಂತವರಿಗೇ ಗೊತ್ತು. ಈ ಭಾಗದಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು ಬರುವ ಮಾರ್ಷಲ್‌ಗೆ ಬೆಲೆ ಜಾಸ್ತಿ.

ಮಣ್ಣು

ಬೈಕಿನವರಿಗೆ ಮಣ್ಣೇ ಪಾಠಶಾಲೆ. ಡಾಂಬರಿನ ಮೇಲೆ ಹಿಂದಿನ ಚಕ್ರ ಜಾರಿದರೆ ಎದೆ ಝಲ್ಲೆನ್ನುತ್ತದೆ. ಮಣ್ಣಿನಲ್ಲಿ ಜಾರುವುದೇ ಸಹಜ ಸ್ಥಿತಿ. ಕಡಿಮೆ ವೇಗದಲ್ಲಿ ಬಿದ್ದು, ಎದ್ದು, ಜಾರುವಿಕೆಯನ್ನು ಮೈಗೆ ಒಗ್ಗಿಸಿಕೊಳ್ಳಬಹುದು. ಚಿಂತಾಮಣಿಯವರಿಗೆ ಇದಕ್ಕೆ ಅನುಕೂಲ ಹತ್ತಿರದಲ್ಲೇ ಇದೆ. ನಮ್ಮ ಹಳೆಯ ತವರು ಜಿಲ್ಲೆ ಕೋಲಾರದಲ್ಲಿ ಬೆಂಗಳೂರಿನ ಸಿ.ಎಸ್. ಸಂತೋಷ್ ಕಟ್ಟಿದ ಬಿಗ್ ರಾಕ್ ಮೋಟೋಪಾರ್ಕ್ ಇದೆ. 2015ರಲ್ಲಿ ಮರುಭೂಮಿಯ ಡಕಾರ್ ರ‍್ಯಾಲಿಗೆ ಇಳಿದ ಮೊದಲ ಭಾರತೀಯ ಸಂತೋಷ್. ಆ ವರ್ಷವೇ 36ನೆಯವರಾಗಿ ಮುಗಿಸಿದರು. 2021ರ ಡಕಾರ್‌ನಲ್ಲಿ ಸೌದಿಯಲ್ಲಿ ಬಿದ್ದು ತಲೆಗೆ ಪೆಟ್ಟಾಗಿ, ವೈದ್ಯರು ಕೋಮಾದಲ್ಲಿ ಇರಿಸಬೇಕಾಗಿ ಬಂದರೂ ಬದುಕಿ ಬಂದವರೂ ಅವರೇ. ಈ ಎರಡು ಸಂಗತಿಗಳನ್ನು ಒಟ್ಟಿಗೆ ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಉಡುಪಿಯ ಕೆ.ಪಿ. ಅರವಿಂದ್ ಬಿಗ್ ಬಾಸ್ ಮನೆಯಿಂದ ಎಲ್ಲರಿಗೂ ಗೊತ್ತು. ಆದರೆ ಅದಕ್ಕೂ ಮೊದಲೇ 2019ರ ಡಕಾರ್ ಮುಗಿಸಿ ಬಂದಿದ್ದರು. ಹೆಣ್ಣುಮಕ್ಕಳಿಗೆ ಹೇಳಲು ಹೆಸರು ಬೇಕಿದ್ದರೆ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಇದ್ದಾರೆ: 2019ರಲ್ಲಿ ಎಫ್‌ಐಎಂ ಬಾಜಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದವರು.

ನಮ್ಮಲ್ಲಿ ಒಂದು ಸುಲಭದ ಯೋಚನೆ ಇದೆ. ಕೆರೆ ಅಂಗಳ ಒಣಗಿದೆಯಲ್ಲ, ಅಲ್ಲೇ ಓಡಿಸೋಣ ಎಂದು. ಆ ಕಾಲ ಹೋಯಿತು. ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಬಂದ ಮೇಲೆ ಕಂದವಾರದಂಥ ಕೆರೆಗಳೇ ತುಂಬಿ ನಿಂತಿವೆ. ಒಣಗಿದ್ದರೂ ಅದು ಸರ್ಕಾರಿ ಜಾಗ, ದನ ಮೇಯುವ ಜಾಗ. ಕಲ್ಲುಕ್ವಾರಿಗಳ ಕಡೆಗಂತೂ ಹೋಗಲೇಬೇಡಿ. ಪರಿಚಯದವರ ಕೊಯ್ಲಾದ ಹೊಲ ಒಪ್ಪಿಗೆ ಪಡೆದು ಸಿಕ್ಕರೆ, ನಾಲ್ಕು ಟೊಮೆಟೊ ಕ್ರೇಟ್ ಇಟ್ಟು ಎಂಟರ ಆಕಾರದಲ್ಲಿ ಸುತ್ತುವುದೇ ತಿಂಗಳಿನಷ್ಟು ಕಲಿಕೆ. ಕೊಡಗಿನಲ್ಲಿ ಕೊಯ್ಲು ಮುಗಿದ ಗದ್ದೆಯಲ್ಲೇ ಆಟೋಕ್ರಾಸ್ ನಡೆಸುತ್ತಾರೆ, ನೋಡಿಕೊಂಡು ಬರಲು ಯೋಗ್ಯ. ಅಂದಹಾಗೆ, ತುಂಬಿದ ಟ್ರೈಲರನ್ನು ಇಕ್ಕಟ್ಟಿನ ಓಣಿಯೊಳಗೆ ರಿವರ್ಸ್ ಹಾಕುವ ನಮ್ಮ ಟ್ರ್ಯಾಕ್ಟರ್ ಹುಡುಗರು ಅಡೆತಡೆಗಳ ನಡುವೆ ತಿರುಗಿಸಿ ಓಡಿಸುವ ಕಾರಿನ ಜಿಮ್ಖಾನಾ ಸ್ಪರ್ಧೆಗೆ ಇಳಿದರೆ ಬೆಂಗಳೂರಿನವರು ಬೆವರುತ್ತಾರೆ ಎಂಬುದು ನನ್ನ ಗುಮಾನಿ.

ಜಾತ್ರೆಗೋ ಯಾರದೋ ಹುಟ್ಟುಹಬ್ಬಕ್ಕೋ "ಡರ್ಟ್ ರೇಸ್" ಎಂದು ಫ್ಲೆಕ್ಸ್ ಕಟ್ಟಿದ್ದನ್ನು ಕಂಡರೆ ಹೆಸರು ಕೊಡುವ ಮುನ್ನ ಕೆಲವು ಪ್ರಶ್ನೆ ಕೇಳಿ. ರಾಷ್ಟ್ರೀಯ ಸಂಸ್ಥೆ ಎಫ್‌ಎಂಎಸ್‌ಸಿಐನ ಪರವಾನಗಿ ಇದೆಯೇ? ನಿಯಮಗಳ ಕಾಗದ, ಅಂದರೆ ಎಸ್‌ಆರ್, ಕೊಡುತ್ತೀರಾ? ಆಂಬುಲೆನ್ಸ್ ಬರುತ್ತದೋ, ಇಲ್ಲ ಫೋನ್ ಮಾಡಿದರೆ ಬರುತ್ತದೋ? ಜನರಿಗೂ ಟ್ರ್ಯಾಕಿಗೂ ನಡುವೆ ಏನಿದೆ, ಬರೀ ಸುಣ್ಣದ ಗೆರೆಯೋ? ಸ್ಪರ್ಧಿಗೆ ವಿಮೆ ಇದೆಯೇ? ಉತ್ತರ ಕೊಡಲು ತಡವರಿಸಿದರೆ ಹೊರಗೆ ನಿಂತೂ ನೋಡಬೇಡಿ, ಮನೆಗೆ ಬನ್ನಿ.

ಕಾಗದಪತ್ರ, ತಲೆ, ಕಾಲು

ಫೆಡರೇಷನ್ ಆಫ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಸ್ ಆಫ್ ಇಂಡಿಯಾ, ಬಾಯಲ್ಲಿ ಎಫ್‌ಎಂಎಸ್‌ಸಿಐ, ಈ ಆಟದ ರಾಷ್ಟ್ರೀಯ ಸಂಸ್ಥೆ, ಕಚೇರಿ ಚೆನ್ನೈನಲ್ಲಿ. ಸ್ಪರ್ಧೆಗೆ ಬೇಕಾದ ಲೈಸೆನ್ಸ್ ಕೊಡುವುದು ಇವರೇ, ಆರ್‌ಟಿಒ ಕೊಡುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಅರ್ಜಿ ಆನ್‌ಲೈನ್. ವಯಸ್ಸಿನ ದಾಖಲೆ, ಫೋಟೊ, ರಕ್ತದ ಗುಂಪು, ವೈದ್ಯರ ಫಿಟ್‌ನೆಸ್ ಪತ್ರ ಬೇಕು. ಹದಿನೆಂಟು ಆಗದಿದ್ದರೆ ಅಪ್ಪ ಅಮ್ಮನ ಒಪ್ಪಿಗೆ. ವರ್ಷ ವರ್ಷ ಹೊಸದು ಮಾಡಿಸಬೇಕು. ಡಿಸೆಂಬರಿನಲ್ಲಿ ಮಾಡಿಸಿ ಜನವರಿಯಲ್ಲಿ ಹಣ ಹೋಯಿತೆಂದು ಪೇಚಾಡಬೇಡಿ.

ನಿಮ್ಮ ಗಾಡಿಯ ಸಾಮಾನ್ಯ ವಿಮೆ ರೇಸಿಗೆ ಅನ್ವಯಿಸದು. ಪಾಲಿಸಿಯ 'ಬಳಕೆಯ ಮಿತಿ' ಎಂಬ ಸಣ್ಣ ಅಕ್ಷರದ ಸಾಲಿನಲ್ಲಿ ಸಂಘಟಿತ ರೇಸ್, ವೇಗ ಪರೀಕ್ಷೆ, ರಿಲಯಬಿಲಿಟಿ ಟ್ರಯಲ್ ಇವನ್ನೆಲ್ಲ ಹೊರಗಿಟ್ಟಿರುತ್ತಾರೆ. ಹೊಲದಲ್ಲಿ ಟೈಮ್ ಇಟ್ಟು ಓಡಿಸುವಾಗ ಗಾಡಿ ಮಗುಚಿದರೂ ಕಂಪನಿ ತಲೆ ಅಲ್ಲಾಡಿಸಬಹುದು. ಸಾಲ ಮಾಡಿ ಕೊಂಡ ಹೊಸ ಕಾರನ್ನು ಮಣ್ಣಿಗೆ ಇಳಿಸಬೇಡಿ ಎನ್ನುವುದು ಇದಕ್ಕೇ.

ದುಡ್ಡಿನ ಮಾತು ಬಂದಾಗ ಎಲ್ಲರೂ ಎಂಜಿನ್ ಎನ್ನುತ್ತಾರೆ. ನಾನು ಹೆಲ್ಮೆಟ್ ಎನ್ನುತ್ತೇನೆ. ಐಎಸ್‌ಐ ಮುದ್ರೆ ರಸ್ತೆಗೆ ಸರಿ. ಸ್ಪರ್ಧೆಗೆ ಯಾವ ಮಾನಕ ಬೇಕೆಂದು ಎಸ್‌ಆರ್ ನೋಡಿ ಕೊಳ್ಳಿ. ಬೈಕಿಗೆ ಇಸಿಇ ಅಥವಾ ಸ್ನೆಲ್ ಗುರುತಿನವು ಸಾಮಾನ್ಯ. ಸ್ನೆಲ್‌ನಲ್ಲೂ ಬಗೆಗಳಿವೆ. 'ಎಂ' ಎಂದರೆ ಬೈಕಿಗೆ, 'ಎಸ್‌ಎ' ಎಂದರೆ ಕಾರಿಗೆ. ಕಾರಿನ ಹೆಲ್ಮೆಟ್ಟಿನ ಒಳಗವಸು ಬೆಂಕಿ ತಡೆಯಬೇಕು, ಒಳಗಿನ ಕಬ್ಬಿಣದ ಕೇಜಿಗೆ ತಲೆ ಬಡಿದರೂ ತಾಳಬೇಕು. ಅದಕ್ಕೇ ಈ ವ್ಯತ್ಯಾಸ. ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ಟನ್ನು, ಹೊರಗೆ ಗೀರೂ ಇಲ್ಲದಿದ್ದರೂ, ಬಿಸಾಡಬೇಕು. ಆದ್ದರಿಂದ ಸೆಕೆಂಡ್ ಹ್ಯಾಂಡ್ ಹೆಲ್ಮೆಟ್ ಬೇಡ. ಎರಡನೆಯ ಖರ್ಚು ಬೂಟು. ಮಣ್ಣಿನಲ್ಲಿ ಬಿದ್ದಾಗ ಕಾಲು ಬೈಕಿನ ಅಡಿ ಸಿಕ್ಕಿಬೀಳುತ್ತದೆ, ಹರಕು ಸ್ಪೋರ್ಟ್ಸ್ ಶೂ ಕಣಕಾಲನ್ನು ಕಾಯುವುದಿಲ್ಲ. ಆಮೇಲೆ ಮಂಡಿ, ಮೊಣಕೈ, ಬೆನ್ನಿನ ಕವಚ. ಎಂಜಿನ್ ಕೆಲಸಕ್ಕೆ ದುಡ್ಡು ಉಳಿದರೆ ಟೈರಿಗೂ ಬ್ರೇಕ್ ಪ್ಯಾಡಿಗೂ ಹಾಕಿ.

ಟ್ರ್ಯಾಕಿನ ಆಸೆ ಇದ್ದವರಿಗೆ

ಮಕ್ಕಳಿಗೆ ಎಂಟು-ಹತ್ತು ವರ್ಷಕ್ಕೇ ಕಾರ್ಟಿಂಗ್ ಶುರು ಮಾಡಬಹುದು. ರಾಷ್ಟ್ರೀಯ ಕಾರ್ಟಿಂಗ್ ಸ್ಪರ್ಧೆಗಳು ನಡೆದಿರುವ ಮೆಕೊ ಕಾರ್ಟೋಪಿಯಾ ಬೆಂಗಳೂರಿನ ಹೆಣ್ಣೂರು–ಬಾಗಲೂರು ಕಡೆ ಇದೆ; ಚಿಕ್ಕಬಳ್ಳಾಪುರದವರು ಊರೊಳಗಿನ ಟ್ರಾಫಿಕ್ಕಿಗೆ ಸಿಕ್ಕದೆ ದೇವನಹಳ್ಳಿ ಕಡೆಯಿಂದಲೇ ತಲುಪಬಹುದು. ಬಾಡಿಗೆ ಕಾರ್ಟಿನಲ್ಲಿ ಹತ್ತು ಸುತ್ತು ಹಾಕಿ ಪ್ರತಿ ಸುತ್ತಿನ ಸಮಯ ಬರೆದುಕೊಳ್ಳಿ. ಅತಿ ವೇಗದ ಸುತ್ತಿಗಿಂತ ಅತಿ ನಿಧಾನದ ಸುತ್ತು ಯಾವುದು, ಏಕೆ ಎಂಬುದರಲ್ಲಿ ಪಾಠವಿದೆ.

ಕಾರು-ಬೈಕುಗಳ ರಾಷ್ಟ್ರೀಯ ಡಾಂಬರು ರೇಸಿಗೆ ಹತ್ತಿರವೆಂದರೆ ತಮಿಳುನಾಡಿಗೇ ಹೋಗಬೇಕು. ಶ್ರೀಪೆರಂಬದೂರಿನ ಬಳಿಯ ಇರುಂಗಾಟುಕೋಟೈನಲ್ಲಿ 3.7 ಕಿ.ಮೀ. ಟ್ರ್ಯಾಕ್, ಕೊಯಮತ್ತೂರಿನಲ್ಲಿ 2.1 ಕಿ.ಮೀ. ಉದ್ದದ ಕರಿ ಮೋಟಾರ್ ಸ್ಪೀಡ್‌ವೇ. ಮಾರುತಿ 800ರ ಎಂಜಿನ್ನಿನಿಂದ ರೇಸ್ ಕಾರು ಕಟ್ಟಿದ ಎಸ್. ಕರಿವರ್ಧನ್ ಅವರ ಹೆಸರು ಅದಕ್ಕೆ. ಇಲ್ಲಿ ಹೊಸಬರಿಗೆ ಒಂದು ಒಳ್ಳೆಯ ಪದ್ಧತಿ ಇದೆ. ಜೆ.ಕೆ. ಟೈರ್ ನೊವೀಸ್ ಕಪ್, ಟಿವಿಎಸ್‌ನ ಒನ್ ಮೇಕ್ ಸ್ಪರ್ಧೆಗಳಂಥವುಗಳಲ್ಲಿ ಎಲ್ಲರಿಗೂ ಒಂದೇ ಬಗೆಯ ಗಾಡಿ. ಟಿವಿಎಸ್ ಹೆಣ್ಣುಮಕ್ಕಳಿಗೆಂದೇ ಒಂದು ವಿಭಾಗ ನಡೆಸುತ್ತದೆ. ಗಾಡಿ ಕೊಂಡು, ಲಾರಿಗೆ ಹಾಕಿ, ಮೆಕ್ಯಾನಿಕ್ ಕರೆದುಕೊಂಡು ಹೋಗುವುದಕ್ಕಿಂತ ಇದು ಎಷ್ಟೋ ವಾಸಿ. ನಮ್ಮ 69ನೇ ಹೆದ್ದಾರಿ ಹಿಡಿದು ಮುಳಬಾಗಿಲು, ಚಿತ್ತೂರು ದಾಟಿ ಕೆಳಗಿಳಿದರೆ ಇರುಂಗಾಟುಕೋಟೈ ದಾರಿ. ಮೊದಲ ಸಲ ನೋಡಲು ಹೋಗಿ, ಸ್ಟ್ಯಾಂಡಿನಲ್ಲಿ ಕೂರುವ ಬದಲು ಗಾಡಿಗಳನ್ನು ಸಜ್ಜು ಮಾಡುವ ಪ್ಯಾಡಕ್‌ನಲ್ಲಿ ಅಡ್ಡಾಡಲು ಬಿಡುತ್ತಾರೆಯೇ ಕೇಳಿ. ನಾಲ್ಕು ಜನ ಪರಿಚಯವಾಗುವುದು ಅಲ್ಲಿ.

ಅಷ್ಟು ದೂರ ಈಗಲೇ ಏಕೆ? ಈ ಭಾನುವಾರವೇ ಮಾಡಬಹುದಾದ್ದು ಇದೆ. ಚಿಂತಾಮಣಿಯಿಂದ ಮುರುಗಮಲ್ಲ ಕಡೆ, ಶಿಡ್ಲಘಟ್ಟದಿಂದ ದಿಬ್ಬೂರಹಳ್ಳಿ ಕಡೆ, ಗೌರಿಬಿದನೂರಿನಿಂದ ವಿದುರಾಶ್ವತ್ಥದ ಕಡೆ ಬೆಳಗ್ಗೆ ಟ್ರಾಫಿಕ್ ಕಡಿಮೆ. ಒಬ್ಬರು ಓಡಿಸಲಿ, ಒಬ್ಬರು ಎಡಗಡೆ ಕೂತು ಬರೆಯಲಿ. ಹೋಗುವಾಗ ತಿರುವು, ದೇವಸ್ಥಾನ, ಸೇತುವೆ, ಹಾಲಿನ ಡೈರಿ ಎಲ್ಲವನ್ನೂ ಓಡೋಮೀಟರಿನ ಅಂಕಿಯೊಂದಿಗೆ ಬರೆದು ನಿಮ್ಮದೇ ರೋಡ್‌ಬುಕ್ ಮಾಡಿ. ವಾಪಸ್ ಬರುವಾಗ ಗಂಟೆಗೆ 36ರ ಸರಾಸರಿಯಲ್ಲಿ ಆ ಗುರುತುಗಳನ್ನು ಹೊತ್ತಿಗೆ ಸರಿಯಾಗಿ ಹಿಡಿಯಲು ನೋಡಿ. ರಸ್ತೆಯ ಕಿಲೋಮೀಟರ್ ಕಲ್ಲುಗಳನ್ನು ಪೂರ್ತಿ ನಂಬಬೇಡಿ, ಅಗಲ ಮಾಡುವಾಗ ಕಿತ್ತು ಸರಿಸಿ ನೆಟ್ಟಿರುತ್ತಾರೆ. ಸುಗ್ಗಿಯಲ್ಲಾದರೆ ರಸ್ತೆ ಮೇಲೆ ಒಕ್ಕಣೆಗೆಂದು ರಾಗಿ ಹರಡಿರುತ್ತದೆ, ಅದಕ್ಕೂ ಹತ್ತು ಸೆಕೆಂಡು ಇಟ್ಟುಕೊಳ್ಳಿ.

ಸೈಲೆನ್ಸರ್ ಹುಡುಗ ಎರಡು ವಾರದ ಮೇಲೆ ಸಿಕ್ಕ. ತಂಗಿಯನ್ನು ಎಡಗಡೆ ಕೂರಿಸಿಕೊಂಡು ಮಾವನ ಕಾರಿನಲ್ಲಿ ಕೈವಾರಕ್ಕೆ ಹೋಗಿ ಬಂದಿದ್ದನಂತೆ. ನೋಟ್‌ಬುಕ್ಕಿನ ಹಾಳೆ ತೋರಿಸಿದ. ಎಂಟು ಗುರುತುಗಳಲ್ಲಿ ಏಳಕ್ಕೆ ಬೇಗ ಬಂದಿದ್ದ, ಒಂದು ಕಡೆಯಂತೂ ಒಂದು ನಿಮಿಷಕ್ಕೂ ಮೊದಲೇ. ಎಂಟನೆಯದು ಬರೋಬ್ಬರಿ. "ಅದೊಂದು ಹೇಗೆ ಸರಿಯಾಯಿತು?" ಎಂದೆ. ತಂಗಿ ಬೈದಳಂತೆ, ಅಲ್ಲಿಂದ ಅವಳು ಹೇಳಿದ ಹಾಗೆ ಓಡಿಸಿದನಂತೆ.